ಮೇಲ್ಮೈ ತರಂಗಗಳ ಹಾದಿಯಲ್ಲಿ ಶ್ರೀಮತಿ ರಾಜೇಶ್ವರಿ ಚಟರ್ಜಿ

ಮನೆತನದ ಹೆಸರನ್ನು ನೋಡಿ ಇವರನ್ನು ಬಂಗಾಳದವರೆಂದು ತಿಳಿಯುವವರು ನಮ್ಮ ಚೆನ್ನೈ ಕನ್ನಡಿಗರಲ್ಲಿಯೂ ಇದ್ದಾರೆ. ವಾಸ್ತವವಾಗಿ ರಾಜೇಶ್ವರಿಯವರು 1922ರ ಜನವರಿ 24ರಂದು ಜನಿಸಿದ ಅಪ್ಪಟ ಕನ್ನಡತಿ. ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲೊಬ್ಬರಾದ ಕಮಲಮ್ಮ ದಾಸಪ್ಪನವರು ಇವರ ಅಜ್ಜಿ. ಮೊಮ್ಮಗಳ ಆರಂಭದ ಪಾಠಗಳು ನಡೆದುದು ಅಜ್ಜಿ ಸ್ಥಾಪಿಸಿದ್ದ ಶಾಲೆಯಲ್ಲಿಯೇ.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಬಿ.ಎಸ್ಸಿ. ಆನರ್ಸ್ ಹಾಗೂ ಎಂ.ಎಸ್ಸಿ. ಎರಡರಲ್ಲಿಯೂ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಪ್ರಥಮ ಸ್ಥಾನ ಪಡೆದರು. ಸರ್ ಸಿ.ವಿ. ರಾಮನ್ ಅವರ ಬಳಿ ಸಂಶೋಧನೆ ನಡೆಸಬೇಕೆಂಬ ಆಸೆ ಭೌತಶಾಸ್ತ್ರದ ಪದವಿಯಿಲ್ಲವೆಂಬ ಕಾರಣದಿಂದ ಕೈಗೂಡಲಿಲ್ಲ. ನಮ್ಮ ಪ್ರೆಸಿಡೆನ್ಸಿ ಕಾಲೇಜಿನ ಹಳೆಯ ವಿದ್ಯಾರ್ಥಿಯೆಂದು ರಾಮನ್ ಅವರ ವಿಷಯದಲ್ಲಿ ನಮಗಿರುವ ಅಭಿಮಾನ ಈ ಪ್ರಸಂಗವನ್ನು ಓದುವಾಗ ತುಸು ಮುಕ್ಕಾಗದೆ ಇರದು. ಆದರೂ ಅವರು ಎದೆಗುಂದಲಿಲ್ಲ. 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ತಂತ್ರಜ್ಞಾನ ವಿಭಾಗವನ್ನು ಸೇರಿದರು. ಸರ್ಕಾರದ ವಿದ್ಯಾರ್ಥಿವೇತನ ಪಡೆದು 1947ರಲ್ಲಿ ಅಮೆರಿಕೆಯ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ತೆರಳಿ, 1953ರಲ್ಲಿ ಡಾಕ್ಟರೇಟ್‌ನೊಂದಿಗೆ ಹಿಂದಿರುಗಿದರು. ಅದೇ ವರ್ಷ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಸಹೋದ್ಯೋಗಿ ಶಿಶಿರ್ ಕುಮಾರ್ ಚಟರ್ಜಿಯವರನ್ನು ವರಿಸಿದರು.

ದಂಪತಿಗಳು ಕಟ್ಟಿ ಬೆಳೆಸಿದ ಮೈಕ್ರೋವೇವ್ ಪ್ರಯೋಗಾಲಯದ ಒಂದು ಮುಖ್ಯ ವಿಷಯವೇ ಮೇಲ್ಮೈ ತರಂಗ. ನಲ್ಲಿಯೊಳಗಿನ ನೀರಿನಂತೆ ತರಂಗವನ್ನು ಕೊಳವೆಯೊಳಗೆ ಹರಿಸುವುದು ರೂಢಿಯ ಕ್ರಮ. ಹಾಗಲ್ಲದೆ, ಒಂದೇ ಒಂದು ಲೋಹದ ಕಡ್ಡಿಯ ಹೊರಮೈಯನ್ನು ಹಿಡಿದುಕೊಂಡು ಅದು ಸಾಗುವಂತೆಯೂ ಮಾಡಬಹುದು. ನುಣುಪಾದ ಲೋಹ ತರಂಗವನ್ನು ಸಡಿಲವಾಗಿ ಹಿಡಿಯುತ್ತದೆ; ಬಾಗಿದಲ್ಲಿ ಅದು ಸುಲಭವಾಗಿ ಚದುರಿಹೋಗುತ್ತದೆ. ಕಡ್ಡಿಗೆ ವಿದ್ಯುದ್ರೋಧಕ ಪದಾರ್ಥದ ಲೇಪವನ್ನು ಕೊಟ್ಟರೆ, ಅಥವಾ ಅದರ ಮೈಮೇಲೆ ಬಳೆ ಬಳೆಯಾಗಿ ಸಣ್ಣ ತೋಡುಗಳನ್ನು ಕೊರೆದರೆ, ತರಂಗದ ವೇಗ ತಗ್ಗಿ ಅದು ಮೇಲ್ಮೈಗೆ ಅಂಟಿಕೊಳ್ಳುತ್ತದೆ. ಇಂಥ ಲೇಪಿತ ಹಾಗೂ ತೋಡುಳ್ಳ ಕಡ್ಡಿಗಳ ಲೆಕ್ಕಾಚಾರ, ಅಳತೆಗಳನ್ನು ಚಟರ್ಜಿ ದಂಪತಿಗಳು ಶಿಷ್ಯರೊಡನೆ ವರ್ಷಗಟ್ಟಲೆ ನಡೆಸಿದರು.

ಅವರು ಬಳಸಿದ ತರಂಗಗಳ ಉದ್ದ ಸೆಂಟಿಮೀಟರುಗಳಲ್ಲಿತ್ತು. ಸೆಕೆಂಡಿಗೆ ಲಕ್ಷ ಕೋಟಿ ಬಾರಿ ಕಂಪಿಸುವ ಟೆರಾಹರ್ಟ್ಸ್ ತರಂಗದ ಉದ್ದವಾದರೋ ಕೇವಲ 0.3 ಮಿಲಿಮೀಟರ್. ತೋಡು ಕೊರೆದ ಲೋಹವು ಇಂಥ ತರಂಗಗಳನ್ನೂ ಬಿಗಿಯಾಗಿ ಹಿಡಿದಿಡಬಲ್ಲದೆಂಬ ವಿಚಾರಕ್ಕೆ 2004ರಲ್ಲಿ ಇಂಗ್ಲೆಂಡಿನ ಪೆಂಡ್ರಿ ಮತ್ತು ಅವರ ಸ್ಪೇನಿನ ಸಂಗಡಿಗರು ಹೊಸ ಸೈದ್ಧಾಂತಿಕ ರೂಪ ಕೊಟ್ಟರು. ಪುಟ್ಟ ಚಿಪ್ಪಿನ ಮೇಲೆಯೇ ಟೆರಾಹರ್ಟ್ಸ್ ಮಂಡಲಗಳನ್ನು ರಚಿಸುವ ಈಗಿನ ಪ್ರಯತ್ನಗಳಿಗೆ ಅದೇ ಆಧಾರ. ಬೆಂಗಳೂರಿನ ಕೆಲಸಕ್ಕೂ ಇದಕ್ಕೂ ನೇರ ನಂಟಿದೆಯೆಂದು ನಾವು ಹೇಳುತ್ತಿಲ್ಲ. ಮೂಲ ತತ್ತ್ವ ಮಾತ್ರ ಒಂದೇ.

ಇಪ್ಪತ್ತು ಮಂದಿಗೆ ಪಿಎಚ್.ಡಿ. ಮಾರ್ಗದರ್ಶನ ಮಾಡಿ, ನೂರಕ್ಕೂ ಹೆಚ್ಚು ಪ್ರಬಂಧಗಳನ್ನೂ ಪಠ್ಯಗ್ರಂಥಗಳನ್ನೂ ಬರೆದು 1982ರಲ್ಲಿ ನಿವೃತ್ತರಾದರು. ನಿವೃತ್ತಿಯೆಂಬುದು ಹೆಸರಿಗೆ ಮಾತ್ರ. ಮಹಿಳಾ ಅಧ್ಯಯನ ಸಂಘದ ಮೂಲಕ ಸ್ತ್ರೀಯರ ಪರವಾಗಿ ದುಡಿಯುತ್ತಲೇ ಇದ್ದು, 2010ರ ಸೆಪ್ಟೆಂಬರ್ 3ರಂದು ತಮ್ಮ 88ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮಗಳು ಇಂದಿರಾ ಅವರೂ ಅಮೆರಿಕೆಯ ನೆವಾಡಾ ವಿಶ್ವವಿದ್ಯಾನಿಲಯದಲ್ಲಿ ವಿದ್ಯುತ್ ಇಂಜಿನಿಯರಿಂಗ್ ಪ್ರಾಧ್ಯಾಪಕಿಯಾದರು.