ಬಡ ದೇಶಕ್ಕೆ ರಾಕೆಟ್ ಯಾಕೆ? ಸಾರಾಭಾಯ್ ಕೊಟ್ಟ ಉತ್ತರ

ಬಡ ದೇಶಕ್ಕೆ ರಾಕೆಟ್ ಯಾಕ್ರೀ ಅನ್ನೋ ಪ್ರಶ್ನೆ ವಿಕ್ರಮ್ ಸಾರಾಭಾಯ್‌ಗೆ ಎದುರಾಗುತ್ತಲೇ ಇತ್ತು. 1919ರಲ್ಲಿ ಅಹಮದಾಬಾದಿನ ಗಿರಣಿ ಮಾಲೀಕರ ಮನೆಯಲ್ಲಿ ಹುಟ್ಟಿದ ಅವರು, ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳ ಬಗ್ಗೆ ಸಂಶೋಧನೆ ಮಾಡಿದರು. 1963ರಲ್ಲಿ ಕೇರಳದ ತುಂಬಾ ಎಂಬ ಮೀನುಗಾರರ ಊರಿನಿಂದ, ಅಮೆರಿಕದಿಂದ ತಂದ ರಾಕೆಟ್ ಹಾರಿಸಿದರು.

ಪ್ರಶ್ನೆಗೆ ಅವರ ಉತ್ತರ 1969ರ ನಾಸಾ ಒಪ್ಪಂದದಲ್ಲಿತ್ತು: ಉಪಗ್ರಹ ಅವರದು, ಕಾರ್ಯಕ್ರಮ ನಮ್ಮದು. 1975ರಲ್ಲಿ ಕರ್ನಾಟಕವೂ ಸೇರಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಬಂತು. ಬೇಸಾಯ, ಆರೋಗ್ಯ, ಮಕ್ಕಳ ಪಾಠ ಎಲ್ಲಾ ಅದರಲ್ಲಿ. ಅದನ್ನು ನೋಡೋಕೆ ಸಾರಾಭಾಯ್ ಇರಲಿಲ್ಲ. 1971ರಲ್ಲೇ, 52ನೇ ವಯಸ್ಸಿಗೆ ತೀರಿಕೊಂಡಿದ್ದರು.

ಇವತ್ತು ಪ್ರತಿ ಉಡಾವಣೆಗೂ ಚಪ್ಪಾಳೆ ತಟ್ಟುತ್ತೇವೆ. ಜೊತೆಗೆ, ಹಳ್ಳಿಗೆ ಇದರಿಂದೇನು ಅಂತಲೂ ಕೇಳಬೇಕು.