ಅಟ್ಟದ ಡಬ್ಬಿ ಮತ್ತು ಜಾರ್ಜ್ ಈಸ್ಟ್‌ಮನ್

ದಸರಾ ರಜೆಯಲ್ಲಿ ಮನೆಯ ಅಟ್ಟ ಕ್ಲೀನ್ ಮಾಡುವಾಗ ಹಳೇ ಬಿಸ್ಕತ್ತಿನ ಡಬ್ಬಿಯೊಂದು ಸಿಕ್ತು. ಮುಚ್ಚಳ ತೆಗೆದ್ರೆ ಮೂಗಿಗೆ ಹೊಡೆಯುವ ವಿನೆಗರ್ ವಾಸನೆ. ಒಳಗೆ ಅಜ್ಜ ತೆಗೆದ ನೆಗೆಟಿವ್‌ಗಳು. ಲ್ಯಾಪ್‌ಟಾಪಲ್ಲಿ ಬಿಳಿ ಸ್ಕ್ರೀನ್ ಹಾಕಿ, ಅದರ ಮುಂದೆ ಒಂದೊಂದೇ ಹಿಡಿದು ಫೋನಲ್ಲಿ ಫೋಟೋ ತೆಗೆದೆವು. (ಸ್ಕ್ರೀನಿಗೆ ತಾಗಿಸ್ಬೇಡಿ, ಪಿಕ್ಸೆಲ್ ಕೂಡ ಬರುತ್ತೆ.) ಇಂಥ ಫಿಲ್ಮನ್ನು ಮನೆಮನೆಗೆ ತಂದವನ ಬಗ್ಗೆ ಓದಿದ್ದು ಆಮೇಲೆ.

ಜಾರ್ಜ್ ಈಸ್ಟ್‌ಮನ್ ಹುಟ್ಟಿದ್ದು 1854ರಲ್ಲಿ, ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ. ಅಪ್ಪ ಬೇಗ ತೀರಿಕೊಂಡರು. 14ಕ್ಕೇ ಶಾಲೆ ಬಿಟ್ಟು ಕೆಲಸಕ್ಕೆ ಸೇರಿದ. ಮುಂದೆ ರಾಚೆಸ್ಟರ್‌ನ ಬ್ಯಾಂಕಿನಲ್ಲಿ ಗುಮಾಸ್ತನಾದ. 1877ರಲ್ಲಿ ಪ್ರವಾಸಕ್ಕೆ ಅಂತ ಕ್ಯಾಮೆರಾ ಕೊಂಡ. ಆಗ ಗಾಜಿನ ಪ್ಲೇಟಿಗೆ ರಾಸಾಯನಿಕ ಬಳಿದು, ಅದು ಒಣಗೋ ಮೊದಲೇ ಫೋಟೋ ತೆಗೀಬೇಕಿತ್ತು. ಜೊತೆಗೆ ಟೆಂಟೂ ಹೊರಬೇಕು. ಪ್ರವಾಸ ನಡೀಲೇ ಇಲ್ಲ, ತಲೆಹುಳ ಮಾತ್ರ ಉಳೀತು. ಹಗಲು ಬ್ಯಾಂಕು, ರಾತ್ರಿ ಅಮ್ಮನ ಅಡುಗೆಮನೆಯಲ್ಲಿ ಎಮಲ್ಷನ್ ಕುದಿಸೋದು.

ಒಣ ಪ್ಲೇಟುಗಳ ವ್ಯಾಪಾರ ಶುರುವಾದ ಮೇಲೆ ಒಮ್ಮೆ ಮಾರಿದ ಪ್ಲೇಟುಗಳು ಕೆಟ್ಟುಹೋದವು. ಎಲ್ಲವನ್ನೂ ವಾಪಸ್ ತಗೊಂಡು ಹೊಸದು ಕೊಟ್ಟ. ಹೊಸದೂ ಕೈಕೊಟ್ಟಾಗ ತಿಂಗಳುಗಟ್ಟಲೆ ಹುಡುಕಿದ, ತಪ್ಪಿದ್ದದ್ದು ಜೆಲಾಟಿನ್‌ನಲ್ಲಿ. ಲ್ಯಾಬಲ್ಲಿ ಔಟ್‌ಪುಟ್ ಬರದೆ ಕೊನೆಗೆ ವೈರೇ ಹಾಳು ಅಂತ ಗೊತ್ತಾಗುವ ನಮಗೆ ಈ ಸಂಕಟ ಅರ್ಥವಾಗುತ್ತೆ.

1888ರಲ್ಲಿ ಬಂತು ಕೊಡಕ್ ಕ್ಯಾಮೆರಾ. ಬೆಲೆ 25 ಡಾಲರ್, ಒಳಗೆ 100 ಫೋಟೋಗಳ ಸುರುಳಿ. ಮುಗಿದ ಮೇಲೆ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳಿಸಿದ್ರೆ, 10 ಡಾಲರಿಗೆ ಫೋಟೋ ತೊಳೆದು, ಹೊಸ ಸುರುಳಿ ತುಂಬಿ ವಾಪಸ್. ಜನ ಕೆಮಿಸ್ಟ್ರಿ ಕಲಿಯೋದೇ ಬೇಡವಾಯ್ತು. 1900ರಲ್ಲಿ 1 ಡಾಲರಿನ ಬ್ರೌನಿ ಬಂದಾಗ ಮಕ್ಕಳ ಕೈಗೂ ಕ್ಯಾಮೆರಾ ಸಿಕ್ತು.

ನಮಗೆ ಹಿಡಿಸದ ಒಂದು ಅಧ್ಯಾಯವೂ ಇದೆ. ಸೆಲ್ಯುಲಾಯ್ಡ್ ಫಿಲ್ಮಿಗೆ ಹ್ಯಾನಿಬಲ್ ಗುಡ್‌ವಿನ್ ಎಂಬ ಪಾದ್ರಿ 1887ರಲ್ಲೇ ಪೇಟೆಂಟ್ ಅರ್ಜಿ ಹಾಕಿದ್ದರು. ಆ ಜಗಳ ಮುಗಿದು ಈಸ್ಟ್‌ಮನ್ ಕಂಪನಿ 50 ಲಕ್ಷ ಡಾಲರ್ ಕೊಟ್ಟದ್ದು 1914ರಲ್ಲಿ. ಪಾದ್ರಿ 1900ರಲ್ಲೇ ತೀರಿಹೋಗಿದ್ದರು.

ಆ ಫಿಲ್ಮು ಸುಲಭವಾಗಿ ಹೊತ್ತಿ ಉರೀತಿತ್ತು. ಹಾಗಾಗಿ ಅಷ್ಟು ಸುಲಭವಾಗಿ ಬೆಂಕಿ ಹಿಡಿಯದ ಅಸಿಟೇಟ್ ಫಿಲ್ಮ್ ಬಂತು. ಆದರೆ ಸೆಕೆ, ತೇವ ತಾಗಿದ್ರೆ ಅದು ಒಳಗಿಂದಲೇ ಆಸಿಡ್ ಬಿಡುತ್ತೆ. ನಮ್ಮ ಡಬ್ಬಿಯ ವಾಸನೆ ಅದೇ.

ಈಸ್ಟ್‌ಮನ್ ಮದುವೆಯಾಗಲಿಲ್ಲ, ದುಡ್ಡನ್ನು ದಾನ ಮಾಡ್ತಾ ಹೋದ. ಎಂಐಟಿಗೆ ಸ್ಮಿತ್ ಎಂಬ ಸುಳ್ಳು ಹೆಸರಲ್ಲಿ ಕೋಟಿಗಟ್ಟಲೆ ಕೊಟ್ಟ. ಆತ ಯಾರು ಅಂತ ಹೊರಬಂದದ್ದು 1920ರಲ್ಲಿ. ಪರೀಕ್ಷೆಗೆ ಮುಂಚೆ ಅಲ್ಲಿನ ಹುಡುಗರು ಫಲಕದಲ್ಲಿರುವ ಅವನ ಮೂಗು ಉಜ್ಜುತ್ತಾರಂತೆ. ಬೆನ್ನುಹುರಿಯ ಕಾಯಿಲೆಯಿಂದ ನಡೆಯೋದೇ ಕಷ್ಟವಾದಾಗ, 1932ರ ಮಾರ್ಚ್ 14ರಂದು ತನ್ನ ಜೀವ ತಾನೇ ಕಳ್ಕೊಂಡ. ಅವನ ಮನೆ ಈಗ ಫೋಟೋಗ್ರಫಿ ಮ್ಯೂಸಿಯಂ.

ನಮ್ಮ ಡಬ್ಬಿಯಲ್ಲಿ ಹೆಚ್ಚಿನವು ಉಳಿದಿವೆ. ಒಂದರಲ್ಲಿ ಮಾತ್ರ ಎಮಲ್ಷನ್ ಪೂರ್ತಿ ಸುಕ್ಕಾಗಿದೆ. ಅದು ತನ್ನ ತಂಗಿ ಅಂತಾರೆ ಅಜ್ಜಿ. ನಮಗೆ ಕಾಣೋದು ಸೀರೆಯ ಅಂಚು ಅಷ್ಟೆ.