ಹಲ್ಲಿಗೆ ಕೊಡುವ ಅರಿವಳಿಕೆ: ವಿಲಿಯಂ ಹಾಲ್‌ಸ್ಟೆಡ್ ತೆತ್ತ ಬೆಲೆ

ನೀವು ಪುಣೆಯ ಭೋಸರಿಯಲ್ಲಿ ದುಡಿಯುವ ಕನ್ನಡಿಗರೇ? ಹಲ್ಲು ಕೀಳಿಸಲು ಹೋದಾಗ ದಂತವೈದ್ಯರು ಭೂಲ್ ಕೊಡುತ್ತೇವೆ ಎಂದರೆ ಗಾಬರಿಯಾಗಬೇಡಿ. ಮರಾಠಿಯಲ್ಲಿ ಭೂಲ್ ಎಂದರೆ ಅರಿವಳಿಕೆ. ಹಲ್ಲಿಗೆ ಸಾಮಾನ್ಯವಾಗಿ ಕೊಡುವುದು ಸ್ಥಳೀಯ ಅರಿವಳಿಕೆ: ನಿಮಗೆ ಪೂರ್ತಿ ಎಚ್ಚರವಿರುತ್ತದೆ, ಆ ಭಾಗ ಮಾತ್ರ ಮರಗಟ್ಟುತ್ತದೆ. ಇದಕ್ಕೆ ದಾರಿ ತೋರಿದವರು ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್.

ಯಾರು ಈ ಹಾಲ್‌ಸ್ಟೆಡ್?

1852ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದವರು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೋಲರ್, ಕೊಕೇನ್ ಹನಿ ಹಾಕಿದರೆ ಕಣ್ಣಿಗೆ ನೋವು ತಿಳಿಯುವುದಿಲ್ಲ ಎಂದು ತೋರಿಸಿದರು. ಸುದ್ದಿ ತಿಳಿದ ಹಾಲ್‌ಸ್ಟೆಡ್ ಮತ್ತು ಸಂಗಡಿಗರು ಕೊಕೇನನ್ನು ನರದ ಪಕ್ಕಕ್ಕೇ ಚುಚ್ಚಿ ನೋಡಿದರು. ಪ್ರಯೋಗ ನಡೆದದ್ದು ತಮ್ಮದೇ ಮೈಮೇಲೆ. ಕೆಳದವಡೆಯ ಹಿಂಭಾಗದಲ್ಲಿ ಒಂದೇ ಚುಚ್ಚುಮದ್ದು ಕೊಟ್ಟರೆ ಆ ಬದಿಯ ಕೆಳಹಲ್ಲುಗಳ ನೋವು ನಿಲ್ಲುತ್ತದೆ ಎಂದು ಹೀಗೆ ತಿಳಿಯಿತು. ಇಂದಿಗೂ ಕೆಳದವಡೆಗೆ ಬಳಸುವುದು ಇದೇ ವಿಧಾನ.

ಕೊಕೇನ್ ಚಟ ಹಿಡಿಸುತ್ತದೆಂಬ ಅರಿವು ಆಗ ಇರಲಿಲ್ಲ. ಹಾಲ್‌ಸ್ಟೆಡ್ ಅದಕ್ಕೆ ಬಲಿಯಾದರು. 1886ರಲ್ಲಿ ಆಸ್ಪತ್ರೆ ಸೇರಿದರು; ಮುಂದೆ ಮಾರ್ಫಿನ್ ಚಟವೂ ಅಂಟಿತು. ಆದರೂ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗವನ್ನು ಕಟ್ಟಿದರು. ಶಸ್ತ್ರಚಿಕಿತ್ಸೆಗೆ ರಬ್ಬರ್ ಕೈಗವಸು ಬಳಕೆಗೆ ಬಂದದ್ದೂ ಅಲ್ಲಿಂದಲೇ. 1922ರಲ್ಲಿ ತೀರಿಕೊಂಡರು.

ಇಂದಿನ ಔಷಧಕ್ಕೆ ಚಟ ಹತ್ತುತ್ತದೆಯೇ?

ಇಲ್ಲ. ಜರ್ಮನಿಯ ಆಲ್‌ಫ್ರೆಡ್ ಐನ್‌ಹಾರ್ನ್ ಕೊಕೇನ್‌ಗೆ ಬದಲಾಗಿ ಪ್ರೊಕೇನ್ ತಯಾರಿಸಿದರು. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಲಿಗ್ನೊಕೇನ್ ರೂಪಿಸಿದರು. ನಿಮಗೆ ಇಂದು ಸಾಮಾನ್ಯವಾಗಿ ಕೊಡುವುದು ಇದನ್ನೇ. ಪರಿಣಾಮ ಹೆಚ್ಚು ಹೊತ್ತು ಉಳಿಯಲೆಂದು ಇದಕ್ಕೆ ಅಡ್ರಿನಲಿನ್ ಬೆರೆಸುತ್ತಾರೆ. ಅದರಿಂದ ಸ್ವಲ್ಪ ಹೊತ್ತು ಎದೆ ಬಡಿತ ಜೋರಾಗಬಹುದು.

ನೀವು ಮಾಡಬೇಕಾದದ್ದು

• ಹೃದಯದ ಕಾಯಿಲೆ, ಬಿಪಿ, ಅಲರ್ಜಿ, ಗರ್ಭ, ಸೇವಿಸುವ ಮಾತ್ರೆಗಳು: ಎಲ್ಲವನ್ನೂ ಮೊದಲೇ ಹೇಳಿ.
• ಹಲ್ಲಿನಲ್ಲಿ ಕೀವು ತುಂಬಿದ್ದರೆ ಔಷಧ ಸರಿಯಾಗಿ ಹಿಡಿಯದಿರಬಹುದು. ನೋವಾದರೆ ಸಹಿಸಿಕೊಳ್ಳಬೇಡಿ, ಕೈ ಎತ್ತಿ ತಿಳಿಸಿ.
• ತುಟಿಯ ಮರಗಟ್ಟುವಿಕೆ ಕೆಲವು ಗಂಟೆ ಇರುತ್ತದೆ. ಅದು ಹೋಗುವವರೆಗೆ ಬಿಸಿ ಚಹಾ ಬೇಡ.
• ಮಕ್ಕಳು ತುಟಿ, ಕೆನ್ನೆ ಕಚ್ಚಿಕೊಳ್ಳದಂತೆ ನೋಡಿಕೊಳ್ಳಿ.
• ಮರುದಿನವೂ ಮರಗಟ್ಟಿದ್ದರೆ ವೈದ್ಯರಿಗೆ ತಿಳಿಸಿ. ಉಸಿರಾಟ ಕಷ್ಟವಾದರೆ ಅಥವಾ ಮುಖ ಊದಿಕೊಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.